ಪ್ರಾಗ್‌ನ ಗೋಡೆಯ ಮೇಲೆ ಲಗ್ನ ಕಂಡದ್ದು

ಪ್ರಾಗ್ ಊರಿನ ಹಳೇ ಪುರಭವನದ ಮುಂದೆ ಒಂದು ಬೇಸಿಗೆಯ ಸಂಜೆ ನಾನು, ನಮ್ಮ ಭಾವ ನಿಂತಿದ್ದೆವು. ಸುತ್ತ ಕಾಲಿಡಲು ಜಾಗವಿಲ್ಲದಷ್ಟು ಜನ. ಎಂಟಾಗುತ್ತಲೇ ಗೋಡೆಯ ಖಗೋಳ ಗಡಿಯಾರದಲ್ಲಿ ಅಸ್ಥಿಪಂಜರದ ಗೊಂಬೆ ಹಗ್ಗ ಜಗ್ಗಿ ಗಂಟೆ ಬಾರಿಸಿತು. ಮೇಲಿನ ಎರಡು ಕಿಟಕಿ ತೆರೆದು ಏಸುವಿನ ಶಿಷ್ಯರು ಒಬ್ಬೊಬ್ಬರಾಗಿ ಮುಖ ತೋರಿಸಿ ಹೋದರು, ಚಿನ್ನದ ಕೋಳಿ ಕೂಗಿತು. ಅಲ್ಲಿಗೆ ಜನ ಚದುರಿದರು. ನಾನೂ ಹೆಜ್ಜೆ ಕಿತ್ತೆ.

"ನಿಲ್ಲೋ, ಅಸಲು ಗಡಿಯಾರ ಕೆಳಗಿದೆ," ಎಂದರು ಭಾವ.

ಕೆಳಗೊಂದು ದೊಡ್ಡ ಬಿಲ್ಲೆ. ನೀಲಿ ಭಾಗ ಹಗಲು, ತಳದ ಕಪ್ಪು ಇರುಳು, ನಡುವಿನ ಕಂದು ಬಣ್ಣ ಸಂಧ್ಯೆ. ಅದರ ಮೇಲೆ ಸೂರ್ಯನ ಮುಳ್ಳು, ಚಂದ್ರನ ಮುಳ್ಳು, ಜೊತೆಗೆ ರಾಶಿಚಕ್ರದ ಬಳೆ. "ನೀಲಿಯ ಎಡ ಅಂಚನ್ನು ಆ ಬಳೆ ಎಲ್ಲಿ ದಾಟಿದೆ ನೋಡು. ಈ ಗಳಿಗೆಯಲ್ಲಿ ಉದಯಿಸುತ್ತಿರುವ ರಾಶಿ ಅದೇ." ಅಂದರೆ ಲಗ್ನ! ಅವರದು ವಿಷುವದಿಂದ ಎಣಿಸುವ ಸಾಯನ ಲೆಕ್ಕ, ನಮ್ಮ ಪಂಚಾಂಗದ್ದು ನಕ್ಷತ್ರಗಳಿಂದ ಎಣಿಸುವ ನಿರಯಣ, ಸುಮಾರು 24 ಡಿಗ್ರಿ ಆಚೀಚೆ. ಆದರೂ ಪುರೋಹಿತರು ಗುಣಿಸಿ ಭಾಗಿಸಿ ಹೇಳುವುದನ್ನು ಒಂದು ಯಂತ್ರ ಬೀದಿಗೆ ಮುಖಮಾಡಿ ತೋರಿಸುತ್ತಿರುವುದನ್ನು ಕಂಡು ನನಗೆ ಮೈ ಜುಮ್ಮೆಂದಿತು.

ಒಳಗಿನ ಗುಟ್ಟನ್ನು ಭಾವ ಕಲ್ಲುಬೆಂಚಿನ ಮೇಲೆ ಕೂತು ಬಿಡಿಸಿ ಹೇಳಿದರು. ಒಂದೇ ಗಾತ್ರದ ಮೂರು ದೊಡ್ಡ ಹಲ್ಲುಚಕ್ರಗಳಿವೆ. ರಾಶಿಬಳೆಯದಕ್ಕೆ 365 ಹಲ್ಲು, ಸೂರ್ಯನದಕ್ಕೆ 366, ಚಂದ್ರನದಕ್ಕೆ 379. ಮೂರನ್ನೂ ತಿರುಗಿಸುವುದು 24 ಹಲ್ಲಿನ ಪುಟ್ಟ ಚಕ್ರಗಳು. ಒಂದು ಹಲ್ಲು ಕಡಿಮೆಯಿರುವ ರಾಶಿಬಳೆ ದಿನವೂ ಸೂರ್ಯನಿಗಿಂತ ಚೂರು ಮುಂದೆ ಸರಿದು ವರ್ಷಕ್ಕೆ ಒಂದು ಸುತ್ತು ಹೆಚ್ಚು ಹಾಕುತ್ತದೆ. ಹದಿಮೂರು ಹಲ್ಲು ಹೆಚ್ಚಿರುವ ಚಂದ್ರ ದಿನಕ್ಕೆ ಸುಮಾರು 51 ನಿಮಿಷ ಹಿಂದೆ ಬೀಳುತ್ತಾನೆ. ಆಕಾಶದ ಚಂದ್ರನೂ ದಿನದಿನಕ್ಕೆ ತಡವಾಗಿ ಹುಟ್ಟುವುದು ಹೆಚ್ಚುಕಮ್ಮಿ ಅಷ್ಟೇ ತಾನೆ? ಗ್ರಹಗತಿಯನ್ನು ಹಲ್ಲಿನ ಎಣಿಕೆಗೆ ಇಳಿಸಿದ ಆ ಬುದ್ಧಿಗೆ ನಾನು ಅಲ್ಲೇ ಕೈಮುಗಿದೆ.

ಹನುಶ್ ಎಂಬವನು ಈ ಗಡಿಯಾರವನ್ನು ಕಟ್ಟಿದನೆಂದೂ, ಬೇರೆ ಊರಿಗೆ ಇಂಥದ್ದು ಮಾಡಿಕೊಡದಿರಲೆಂದು ಅವನ ಕಣ್ಣು ಕೀಳಿಸಿದರೆಂದೂ ಕತೆಯಿದೆ. ಕೇಳಲು ರೋಚಕ, ಆದರೆ ಸುಳ್ಳು. 1410ರಲ್ಲಿ ಇದನ್ನು ಮಾಡಿದವರು ಗಡಿಯಾರದ ಕಸುಬಿನ ಮಿಕುಲಾಶ್. ಲೆಕ್ಕ ಹಾಕಿಕೊಟ್ಟವರು ಅಲ್ಲಿನ ವಿಶ್ವವಿದ್ಯಾಲಯದ ಯಾನ್ ಶಿಂಡೆಲ್ ಎನ್ನುತ್ತಾರೆ. ಎರಡನೇ ಮಹಾಯುದ್ಧದ ಕೊನೆಗೆ, 1945ರ ಮೇ ತಿಂಗಳ ಕಾಳಗದಲ್ಲಿ ಪುರಭವನಕ್ಕೆ ಬೆಂಕಿ ಬಿದ್ದು ಮರದ ಗೊಂಬೆಗಳು ಸುಟ್ಟುಹೋದವು. ಊರಿನವರು ಕೈಬಿಡಲಿಲ್ಲ, ಹೊಸ ಗೊಂಬೆ ಕೆತ್ತಿಸಿ 1948ರಲ್ಲಿ ಮತ್ತೆ ನಡೆಸಿದರು.

ನೀವು ಎಂದಾದರೂ ಪ್ರಾಗ್‌ಗೆ ಹೋದರೆ, ಕೋಳಿ ಕೂಗಿದೊಡನೆ ಹೊರಟುಬಿಡಬೇಡಿ. ಚಂದ್ರನ ಮುಳ್ಳು ಎಲ್ಲಿದೆ ಎಂದು ಮೊದಲು ಹುಡುಕಿ.