ಹಾವಿಲ್ಲದ ಕಾಡಿನಲ್ಲಿ

ಮಲೆನಾಡಿನವರು ಕಾಡಿಗೆ ಕಾಲಿಟ್ಟರೆ ಕಣ್ಣು ನೆಲದ ಮೇಲೇ ಇರುತ್ತದೆ. ತರಗೆಲೆ ಸರಕ್ಕೆಂದರೆ ಸಾಕು, ಕಾಲು ತಾನಾಗಿ ನಿಲ್ಲುತ್ತದೆ. ನ್ಯೂಜಿಲೆಂಡಿನ ರೊಟೊಇಟಿ ಸರೋವರದಿಂದ ರೊಟೊಎಹು ಸರೋವರಕ್ಕೆ ಹೋಗುವ ಹಳೆಯ ಕಾಲುದಾರಿಯಲ್ಲೂ ನಾನು ಹಾಗೇ ನಡೆಯುತ್ತಿದ್ದೆ. "ಮೇಲೆ ನೋಡಪ್ಪ, ಈ ದೇಶದ ಕಾಡಲ್ಲಿ ಹಾವೇ ಇಲ್ಲ" ಎಂದಳು ಮಗಳು. ಹಾವೇನು, ಬಾವಲಿ ಬಿಟ್ಟರೆ ಮೊಲೆಯೂಡುವ ನೆಲಪ್ರಾಣಿ ಒಂದೂ ಇಲ್ಲಿ ಮೂಲದಲ್ಲಿ ಇರಲಿಲ್ಲ.

ಕತ್ತೆತ್ತಿದ್ದು ಒಳ್ಳೆಯದೇ ಆಯಿತು. ಗಂಟಲಲ್ಲಿ ಬಿಳಿ ಕುಚ್ಚು ಇಳಿಬಿಟ್ಟುಕೊಂಡ ಟೂಯಿ ಹಕ್ಕಿ ಇಂಪಾಗಿ ಉಲಿದು, ಮರುಗಳಿಗೆಗೆ ಎಣ್ಣೆ ಕಾಣದ ಬಾಗಿಲಿನಂತೆ ಕಿರ್ರೆಂದಿತು. ಬೀಸಣಿಗೆ ಬಾಲದ ಪಿವಾಕವಾಕ ನಮ್ಮ ಬೆನ್ನಿಗೇ ಬಿದ್ದಿತ್ತು. ಪ್ರೀತಿಯಿಂದ ಎಂದು ನಂಬುವ ಆಸೆ ನನಗೆ. ಅದಕ್ಕೆ ಬೇಕಾದದ್ದು ನಮ್ಮ ಕಾಲ್ತುಳಿತಕ್ಕೆ ಏಳುವ ಹುಳು. ಕೆರೆರೂ ಎಂಬ ದಪ್ಪ ಪಾರಿವಾಳ ರೆಕ್ಕೆ ಬಡಿದರೆ ಕಾಡಿಗೆಲ್ಲ ಕೇಳುತ್ತದೆ. ತಾವಾ ಮರದ ದೊಡ್ಡ ಹಣ್ಣನ್ನು ಇಡಿಯಾಗಿ ನುಂಗಿ ಬೀಜ ಬಿತ್ತಲು ಈ ಕಾಡಿಗೆ ಈಗ ಹೆಚ್ಚುಕಡಿಮೆ ಅದೊಂದೇ ದಿಕ್ಕು.

ದಾರಿಯಂಚಿನಲ್ಲಿ ಒಂದು ಮಾತಾಯಿ ಮರ. ಹಿನೆಹೋಪು ಎಂಬ ಹಸುಗೂಸನ್ನು ಶತ್ರುಗಳಿಂದ ಉಳಿಸಲು ತಾಯಿ ಅದರಡಿ ಬಚ್ಚಿಟ್ಟಳಂತೆ. ಮಗು ಬೆಳೆದು, ಕೈಹಿಡಿಯುವವನನ್ನು ಕಂಡದ್ದೂ ಅಲ್ಲೇ. ಹೋಗಿಬರುವವರು ಈಗಲೂ ಬುಡದಲ್ಲಿ ಹಸಿರು ಸೊಪ್ಪಿಡುತ್ತಾರೆ. ನಾನೂ ಇಟ್ಟೆ. ಈ ದಾರಿ ಯುದ್ಧವನ್ನೂ ಕಂಡಿದೆ. 1823ರಲ್ಲಿ ಉತ್ತರದ ಮಾವೊರಿ ನಾಯಕ ಹೊಂಗಿ ಹಿಕಾ ಯುದ್ಧದ ದೋಣಿಗಳನ್ನು ಇದೇ ಕಾಡಿನೊಳಗೆ ಎಳೆಸಿದ. ರೊಟೊರುವಾ ಸರೋವರದ ನಡುವಿನ ಮೊಕೊಯಾ ದ್ವೀಪದಲ್ಲಿ, ಸುತ್ತ ನೀರಿದೆಯೆಂಬ ಧೈರ್ಯದಲ್ಲಿದ್ದ ಜನರ ಮೇಲೆ ಅವನ ಬಂದೂಕುಗಳು ಹಾರಿದವು. ಇಂಗ್ಲೆಂಡಿಗೆ ಹೋಗಿ ಮರಳುವಾಗ ಸಿಡ್ನಿಯಲ್ಲಿ ಗಳಿಸಿದ ಬಂದೂಕುಗಳವು.

ಯೋಚಿಸಿದರೆ, ಈ ಕಾಡಿಗೆ ಭಯ ಬಂದದ್ದೆಲ್ಲ ದೋಣಿಯಲ್ಲೇ, ಹಡಗಿನಲ್ಲೇ. ಇಲಿ ಹಾಗೇ ಬಂತು. ತುಪ್ಪಳದ ವ್ಯಾಪಾರಕ್ಕೆಂದು 1837ರಲ್ಲಿ ಆಸ್ಟ್ರೇಲಿಯಾದಿಂದ ಪಾಸಮ್ ಎಂಬ ಪ್ರಾಣಿಯನ್ನು ತಂದರು. ಮಿತಿಮೀರಿದ ಮೊಲಗಳನ್ನು ತಿನ್ನಲಿ ಎಂದು ಸ್ಟೋಟ್ ಎಂಬ ಬೇಟೆಪ್ರಾಣಿಯನ್ನು ತಂದರು. ಮೊಲಕ್ಕಿಂತ ಅದಕ್ಕೆ ಸುಲಭವಾಗಿ ಸಿಕ್ಕಿದ್ದು ಇಂಥ ಶತ್ರುವಿಗೆ ಒಗ್ಗದ ಹಕ್ಕಿ, ಅದರ ಮೊಟ್ಟೆ. 2050ರೊಳಗೆ ಇಲಿ, ಪಾಸಮ್, ಸ್ಟೋಟ್‌ಗಳನ್ನೆಲ್ಲ ನಿರ್ಮೂಲ ಮಾಡುವ ಗುರಿ ಸರ್ಕಾರದ್ದು. ಕಾಡುಗಳಲ್ಲಿ ಮರದ ಪೆಟ್ಟಿಗೆ, ಒಳಗೆ ಕೋಳಿಮೊಟ್ಟೆಯ ಆಮಿಷ, ಉಕ್ಕಿನ ಬೋನು. ಇರುವೆಗೆ ಸಕ್ಕರೆ ಹಾಕುವ ಮನೆಯಲ್ಲಿ ಬೆಳೆದ ನನಗೆ ಹೊಟ್ಟೆ ಸ್ವಲ್ಪ ತೊಳಸಿತು. ಆದರೂ ನಾನು ಕೆರೆರೂ ಪಕ್ಷ.

"ಹೊರಗಿಂದ ಇನ್ನೇನೂ ಬರಬಾರದು ಅಂತಲೇ ಅಪ್ಪ, ವಿಮಾನ ನಿಲ್ದಾಣದಲ್ಲಿ ನಿನ್ನ ಬೂಟು ತಿರುಗಿಸಿ ನೋಡಿದ್ದು" ಎಂದಳು ಮಗಳು. ಅಡಿಯಲ್ಲಿ ತೀರ್ಥಹಳ್ಳಿಯ ಮಣ್ಣಿತ್ತು. ತೊಳೆದೇ ಒಳಗೆ ಬಿಟ್ಟಿದ್ದರು.