ಬೆಟ್ಟು ಗದ್ದೆ, ಲಾಲ್‌ಬಾಗಿನ ಟೇಬಲ್ಲು

ನಮ್ಮ ಮನೆಯಲ್ಲಿ ಉಣ್ಣುವ ಬಾಯಿ ಏಳು. 1974ರ ಭೂಸುಧಾರಣೆಯಲ್ಲಿ ಗೇಣಿ ಗದ್ದೆ ನಮ್ಮದೇ ಆಯಿತು ನಿಜ, ಆದರೆ ಅದು ಬೆಟ್ಟು ಗದ್ದೆ, ಮಳೆಗಾಲದ ಒಂದೇ ಬೆಳೆ. 1979ರಲ್ಲಿ ಅಪ್ಪಯ್ಯ ಅಣ್ಣನನ್ನೂ ನನ್ನನ್ನೂ ಬೊಂಬಾಯಿಗೆ ಕಳಿಸಿ ಏಳನ್ನು ಐದು ಮಾಡಿದರು.

ಆಗ ಕೊಂಕಣ ರೈಲು ಎಲ್ಲಿತ್ತು? ಕುಂದಾಪುರದಿಂದ ಘಟ್ಟ ಹತ್ತಿ ಹುಬ್ಬಳ್ಳಿ, ಬೆಳಗಾವಿ, ಕೊಲ್ಹಾಪುರ, ಪುಣೆ ಸುತ್ತಿ ಹೋಗುವ ಬಸ್ಸು. ಬೆಳಗಾವಿ ಬರುವಷ್ಟರಲ್ಲಿ ನಾನು ಮೂರು ಸಲ ಕಾರಿದ್ದೆ. "ಮರ್ಕ್‌ಬೇಡ ಮಾರಾಯ, ಅಲ್ಲಿ ಊಟಕ್ಕೆ ತೊಂದ್ರೆ ಇಲ್ಲೆ" ಅಂದ ಅಣ್ಣ. ಅವನಿಗೆ ಹದಿನೇಳು, ನನಗೆ ಹದಿಮೂರು.

ಬೊಂಬಾಯಿಯ ಲಾಲ್‌ಬಾಗಿನಲ್ಲಿ ಗಿರಣಿ ಕಾರ್ಮಿಕರೇ ತುಂಬುತ್ತಿದ್ದ ಹೋಟೆಲು. ಊಟಕ್ಕೆ ನಿಜಕ್ಕೂ ತೊಂದರೆ ಇರಲಿಲ್ಲ. ಶಟರ್ ಎಳೆದ ಮೇಲೆ ಎರಡು ಟೇಬಲ್ ಜೋಡಿಸಿದರೆ ಹಾಸಿಗೆ. ಸಂಜೆ ನಾನು ಕನ್ನಡ ರಾತ್ರಿ ಶಾಲೆಗೆ ಓಡುತ್ತಿದ್ದೆ. ನನ್ನ ಪಾಲಿನ ಟೇಬಲ್ಲುಗಳನ್ನೂ ಅಣ್ಣನೇ ನೋಡಿಕೊಳ್ಳುತ್ತಿದ್ದ. ಧಣಿ ಶಾಲೆಗೆ ಬಿಟ್ಟದ್ದು ಒಬ್ಬನನ್ನು ಮಾತ್ರ. ಮನಿಯಾರ್ಡರ್ ಫಾರಮ್ಮಿನ ಕೆಳಗಿನ ಚೂರು ಜಾಗದಲ್ಲಿ ಪ್ರತಿ ತಿಂಗಳೂ ಒಂದೇ ಸಾಲು: ನಾವು ಕ್ಷೇಮ.

1982ರ ಜನವರಿಯಲ್ಲಿ ದತ್ತಾ ಸಾಮಂತರ ನೇತೃತ್ವದ ಗಿರಣಿ ಮುಷ್ಕರ ಶುರುವಾಯಿತು. ಎರಡು ಲಕ್ಷಕ್ಕೂ ಹೆಚ್ಚು ಕಾರ್ಮಿಕರು ಹೊರಗೆ. ಮೊದಲು ಉದ್ರಿ ಬೆಳೆಯಿತು, ಆಮೇಲೆ ಗಿರಾಕಿಗಳೇ ಕರಗಿದರು. ಧಣಿ ನಾಲ್ವರನ್ನು ಬಿಡಿಸಿದ. ಅಣ್ಣ ಹೋದ, ನಾನು ಉಳಿದೆ. ನನ್ನ ಸಂಬಳ ಕಡಿಮೆ, ಅಷ್ಟೇ ಕಾರಣ. ಅವನು ಡೊಂಬಿವಲಿಯ ಬೇರೊಂದು ಹೋಟೆಲಿನಲ್ಲಿ ಇಪ್ಪತ್ತು ವರ್ಷ ನಿಂತ. ನಾನು ಎಸ್ಸೆಸ್ಸಿ ಮುಗಿಸಿ ಗುಮಾಸ್ತನಾದೆ.

ಬೊಂಬಾಯಿಗೆ ಹೋಗಿ ಹೋಟೆಲು ಕಟ್ಟಿದವರ ಕಥೆ ಊರಿನ ಸನ್ಮಾನಗಳಲ್ಲಿ ಕೇಳಿ ಸಾಕಾಗಿದೆ. ನಮ್ಮೊಂದಿಗೆ ಗ್ಲಾಸು ತೊಳೆದ ಹನ್ನೊಂದು ಹುಡುಗರಲ್ಲಿ ಗಲ್ಲಾದಲ್ಲಿ ಕೂತವನು ಒಬ್ಬ. ಅವನು ಧಣಿಯ ಅಕ್ಕನ ಮಗ.

1998ರಿಂದ ರೈಲಿದೆ. ಸಂಜೆ ಕುಂದಾಪುರದಲ್ಲಿ ಮತ್ಸ್ಯಗಂಧ ಹತ್ತಿದರೆ ಬೆಳಗ್ಗೆ ಮುಂಬಯಿ. ನಮ್ಮೂರ ಹುಡುಗರು ಟೇಬಲ್ ಒರೆಸಲು ಅದನ್ನು ಹತ್ತುವುದು ಅಪರೂಪ. ಕಳೆದ ತಿಂಗಳು ಊರಿನ ಹೋಟೆಲಿನಲ್ಲಿ ಚಾ ತಂದಿಟ್ಟವನು ಅಸ್ಸಾಮಿನವನು. ಒಳಗೆ ಗ್ಲಾಸು ತೊಳೆಯುತ್ತಿದ್ದವನು ಅವನ ತಮ್ಮ. ನನ್ನ ಹಳೆಯ ಹೋಟೆಲಿನ ಹಿಂದಿಯಲ್ಲಿ ಇನ್ನೂ ಏನೋ ಕೇಳಬೇಕೆಂದಿದ್ದೆ. ಅವನು ಆಗಲೇ ಪಕ್ಕದ ಟೇಬಲ್ಲಿಗೆ ಹೋಗಿದ್ದ.

ಮನೆಗೆ ಬಂದು ಅಣ್ಣನಿಗೆ ಹೇಳಿದೆ. ಕಾಲಿನ ನರ ಉಬ್ಬಿ ಈಗ ಅವನಿಗೆ ಹೆಚ್ಚು ಹೊತ್ತು ನಿಲ್ಲಲಾಗದು. ಕಾಲು ಚಾಚಿಕೊಂಡೇ ಕೇಳಿದ: "ಊಟ ಅಲ್ಲೇ ಅಲ್ದಾ?"