ಮನೆಯ ನಂಬರೇ ಸೀಟು

ಶನಿವಾರ ಬೆಳಿಗ್ಗೆ ಹತ್ತೂಕಾಲು. ಜುಲೈ ತಿಂಗಳು, ಅಂದರೆ ಇಲ್ಲಿ ನಡುಚಳಿಗಾಲ. ಮೆಲ್ಬೋರ್ನಿನ ಪಶ್ಚಿಮದಂಚಿನ ಟಾರ್ನೀಟ್‌ನಲ್ಲಿ ಒಂದು ಬಾಡಿಗೆ ಮನೆಯ ಮುಂದೆ ಸಾಲಿನಲ್ಲಿ ನಿಂತಿದ್ದೀರಿ. ಬಯಲಿನ ಗಾಳಿ ಜಾಕೆಟ್ಟಿನ ಜಿಪ್ಪನ್ನು ಕ್ಯಾರೇ ಅನ್ನದೆ ಒಳಗೆ ನುಗ್ಗುತ್ತಿದೆ. ಮುಂದೆ ಏಳೆಂಟು ಜೋಡಿ, ಹಿಂದೆ ಇನ್ನೂ ಬರುತ್ತಲೇ ಇದ್ದಾರೆ. ಪಂಜಾಬಿ, ತೆಲುಗು, ಗುಜರಾತಿ ಕಿವಿಗೆ ಬೀಳುತ್ತಿವೆ. ಬಾಗಿಲು ತೆಗೆದಿರುವುದು ಕಾಲು ಗಂಟೆ ಮಾತ್ರ. ಏಜೆಂಟ್ ಹುಡುಗ ಫೋನಿನಲ್ಲಿ ಹೆಸರು ಟಿಕ್ ಮಾಡಿಕೊಂಡು ಒಳಗೆ ಬಿಡುತ್ತಾನೆ. ಒಬ್ಬರು ಅಡುಗೆಮನೆಯ ಒಲೆ, ಕಪಾಟು, ಹೀಟರು ನೋಡುತ್ತೀರಿ. ಇನ್ನೊಬ್ಬರು ಹಜಾರದ ಮೂಲೆಯಲ್ಲಿ ಮೊಬೈಲು ಹಿಡಿದು ವಿಕ್ಟೋರಿಯಾ ಸರ್ಕಾರದ ‘ಫೈಂಡ್ ಮೈ ಸ್ಕೂಲ್’ ತೆರೆದು, ಮನೆಯ ನಂಬರು ಸಮೇತ ವಿಳಾಸ ಒತ್ತುತ್ತೀರಿ.

ಪರದೆಯ ಮೇಲೆ ನಕ್ಷೆ ಮೂಡುತ್ತದೆ. ಈ ಮನೆ ಒಂದು ಶಾಲೆಯ ಗಡಿಯೊಳಗೆ. ಸುಮ್ಮನೆ ಕುತೂಹಲಕ್ಕೆ ಎದುರುಗಡೆ ಮನೆಯ ನಂಬರು ಹಾಕುತ್ತೀರಿ. ಅದು ಇನ್ನೊಂದು ಶಾಲೆಗೆ ಸೇರುತ್ತದೆ! ಗಡಿ ಬೀದಿಯ ನಟ್ಟನಡುವೆ ಹಾದುಹೋಗಿದೆ. ಮೆಲ್ಬೋರ್ನಿನಂಥ ಊರಿನಲ್ಲಿ ಸಾಮಾನ್ಯವಾಗಿ ನೇರ ಗೆರೆ ಎಳೆದು ಅಳೆದರೆ ಯಾವ ಸರ್ಕಾರಿ ಶಾಲೆ ಹತ್ತಿರವೋ ಅದೇ ನಿಮ್ಮ ಶಾಲೆ. ಬಸ್ಸು ಯಾವ ಕಡೆಯಿಂದ ಹೋಗುತ್ತದೆ, ನಡುವೆ ಹೆದ್ದಾರಿ ಇದೆಯೇ ಎಂಬುದು ಲೆಕ್ಕಕ್ಕಿಲ್ಲ. ಗಡಿಯೊಳಗಿನ ಮಗುವನ್ನು ಆ ಶಾಲೆ ಸೇರಿಸಿಕೊಳ್ಳಲೇಬೇಕು. ಜಾಗ ಸಾಲದಿದ್ದರೆ ಮೈದಾನದಲ್ಲಿ ಡಬ್ಬಿಯಂಥ ಚರಕೊಠಡಿಗಳನ್ನು ತಂದಿಳಿಸುತ್ತಾರೆ. ಗಡಿಯಾಚೆಯವರಿಗೆ ಜಾಗ ಮಿಕ್ಕಿದರೆ ಮಾತ್ರ ಸೀಟು.

ಬೆಂಗಳೂರಿನಿಂದ ಹೊರಡುವ ಮುಂಚೆ ವಾಟ್ಸಾಪಿನಲ್ಲಿ ನೀವು ಕೇಳಿದ ಪ್ರಶ್ನೆ ‘ಅಲ್ಲಿ ಸೀಟು ಸಿಗುತ್ತಾ? ಡೊನೇಷನ್ ಎಷ್ಟು?’ ಎಂಬುದಾಗಿತ್ತು. ನವೆಂಬರಿನಲ್ಲೇ ಅರ್ಜಿ ತಂದು, ಮಗುವಿಗೂ ಅಪ್ಪಅಮ್ಮನಿಗೂ ಸಂದರ್ಶನ ಕೊಡಿಸಿ ರೂಢಿಯಾದವರಿಗೆ ಬೇರೆ ಪ್ರಶ್ನೆ ಹೊಳೆಯುವುದಾದರೂ ಹೇಗೆ? ಇಲ್ಲಿ ಸೀಟಿನ ಜಗಳವೆಲ್ಲ ಮನೆಯ ಬಾಡಿಗೆಯಲ್ಲೇ ನಡೆದುಹೋಗುತ್ತದೆ. ಗ್ಲೆನ್ ವೇವರ್ಲಿ, ಬಾಲ್ವಿನ್, ಮೆಕಿನನ್ ಹೈಸ್ಕೂಲುಗಳ ಗಡಿಯೊಳಗಿನ ಮನೆಗಳಿಗೆ ಇರುವ ಬೆಲೆ ನೋಡಿದರೆ ಡೊನೇಷನ್ ಇಲ್ಲ ಎಂಬ ಮಾತನ್ನು ಅಷ್ಟು ಜೋರಾಗಿ ಹೇಳಲು ನನಗೆ ಬಾಯಿ ಬರುವುದಿಲ್ಲ. ಶಾಲೆಗೆ ಕಟ್ಟುವುದಿಲ್ಲ, ಮನೆಯ ಯಜಮಾನನಿಗೆ ಕಟ್ಟುತ್ತೀರಿ.

ಮನೆ ಸಿಕ್ಕಿತು ಎನ್ನಿ. ಹನ್ನೆರಡು ತಿಂಗಳ ಕರಾರು, ಒಂದು ತಿಂಗಳ ಬಾಡಿಗೆಯಷ್ಟು ಬಾಂಡ್, ಅಂದರೆ ನಮ್ಮ ಅಡ್ವಾನ್ಸು. ಆ ಕರಾರೇ ಈಗ ನಿಮ್ಮ ಅಡ್ಮಿಷನ್ ಪತ್ರ. ಬಂದಿಳಿದಾಗ ತಂಗಿದ್ದ ಏರ್‌ಬಿಎನ್‌ಬಿಯ ವಿಳಾಸವನ್ನು ಶಾಲೆ ಕಾಯಂ ವಿಳಾಸವೆಂದು ಒಪ್ಪುವುದಿಲ್ಲ.

ಸೋಮವಾರ ಶಾಲೆಯ ಆಫೀಸು. ನೀವು ಫೈಲು ಬಿಚ್ಚಿ ಮೊದಲು ಟಿಸಿ ಹೊರತೆಗೆಯುತ್ತೀರಿ. ಅದರ ಮೇಲೆ ಹೆಡ್‌ಮಿಸ್ ಸಹಿ, ಶಾಲೆಯ ಸೀಲು, ಬಿಇಒ ಕಚೇರಿಗೆ ಅಲೆದು ಹಾಕಿಸಿದ ಮೇಲುಸಹಿ. ಕೌಂಟರಿನ ಹೆಂಗಸು ಅದನ್ನು ನೋಡಿ ನಗುತ್ತಾ ಪಕ್ಕಕ್ಕಿಡುತ್ತಾರೆ. ಅವರಿಗೆ ಬೇಕಾದ್ದು ಹುಟ್ಟಿದ ದಿನಾಂಕಕ್ಕೆ ಪಾಸ್‌ಪೋರ್ಟ್ ಅಥವಾ ಜನನ ಪ್ರಮಾಣಪತ್ರ, ವೀಸಾ ಮಂಜೂರಾತಿ ಪತ್ರ, ವಿಳಾಸದ ದಾಖಲೆ, ಲಸಿಕೆಯ ದಾಖಲೆ. ಕಳೆದ ವರ್ಷದ ರಿಪೋರ್ಟ್ ಕಾರ್ಡನ್ನು ಒಂದು ಜೆರಾಕ್ಸ್ ಮಾಡಿಕೊಳ್ಳುತ್ತಾರೆ. ಅದು ಮಗಳ ಟೀಚರಿಗೆ ಉಪಯೋಗವಾಗಬಹುದೆಂದು, ಸೀಟಿಗಲ್ಲ.

ಲಸಿಕೆಯದೇ ಸ್ವಲ್ಪ ರಗಳೆ. ನಮ್ಮ ಆಸ್ಪತ್ರೆಯ ಪುಟ್ಟ ಪುಸ್ತಕವನ್ನು ಇಲ್ಲಿನ ಜಿಪಿ ಡಾಕ್ಟರಿಗೆ ಕೊಟ್ಟು ಆಸ್ಟ್ರೇಲಿಯಾದ ಲಸಿಕೆ ರಿಜಿಸ್ಟರಿಗೆ ಏರಿಸಬೇಕು, ಆಮೇಲೆ ಅಲ್ಲಿಂದ ಬರುವ ಪ್ರಿಂಟು ಶಾಲೆಗೆ. ನಮ್ಮಲ್ಲಿ ಹುಟ್ಟಿದೊಡನೆ ಹಾಕುವ ಬಿಸಿಜಿ ಇಲ್ಲಿನ ಮಾಮೂಲಿ ಪಟ್ಟಿಯಲ್ಲಿಲ್ಲ. ಇಲ್ಲಿ ಒಂದು ವರ್ಷಕ್ಕೆ ಕೊಡುವ ಮೆನಿಂಗೊಕಾಕಲ್ ನಮ್ಮ ಸರ್ಕಾರಿ ಪಟ್ಟಿಯಲ್ಲಿಲ್ಲ. ಡಾಕ್ಟರು ಪುಸ್ತಕದ ಕೈಬರಹ ಓದಲು ಕನ್ನಡಕ ಏರಿಸುತ್ತಾರೆ. ಪುಣ್ಯಕ್ಕೆ, ಒಂದೆರಡು ಲಸಿಕೆ ಬಾಕಿಯಿದ್ದರೂ ಪ್ರೈಮರಿ ಶಾಲೆ ಬಾಗಿಲು ಹಾಕುವುದಿಲ್ಲ, ದಾಖಲೆ ಇದ್ದರೆ ಸಾಕು.

ಈಗ ಅರ್ಜಿ. ಪುಟದ ಮೇಲೆ ಪುಟ. ಮನೆಯಲ್ಲಿ ಯಾವ ಭಾಷೆ? ಕನ್ನಡ. ಜಾತಿಯ ಕಾಲಂ ಹುಡುಕಿದರೂ ಇಲ್ಲ. ಆದರೆ ಒಂದು ಕಡೆ ಪೆನ್ನು ನಿಲ್ಲುತ್ತದೆ: ತಂದೆ ತಾಯಿ ಎಷ್ಟು ಓದಿದ್ದಾರೆ, ಯಾವ ಕೆಲಸದಲ್ಲಿದ್ದಾರೆ? ಎ, ಬಿ, ಸಿ, ಡಿ ಎಂಬ ಗುಂಪುಗಳಲ್ಲಿ ಒಂದನ್ನು ಆರಿಸಬೇಕು. ಬೆಂಗಳೂರಿನ ಬುದ್ಧಿ ಎಚ್ಚರಗೊಳ್ಳುತ್ತದೆ. ಸಂಬಳ ಅಳೆದು ಫೀಸು ಹಾಕುತ್ತಾರೇನೋ! ಹಾಗಲ್ಲ. ಅಪ್ಪಅಮ್ಮನ ಓದು ಕಡಿಮೆಯಿರುವ ಮಕ್ಕಳು ಹೆಚ್ಚಿದ್ದಲ್ಲಿ ಶಾಲೆಗೆ ಹೆಚ್ಚು ಅನುದಾನ ಹೋಗಲೆಂದು ಈ ಲೆಕ್ಕ. ಇದೇ ಮಾಹಿತಿಯಿಂದಲೇ ಇನ್ನೊಂದು ಅಂಕಿಯೂ ಹುಟ್ಟುತ್ತದೆ. ನಮ್ಮವರು ರಾತ್ರಿ ನಿದ್ದೆಗೆಟ್ಟು ‘ಮೈ ಸ್ಕೂಲ್’ ಜಾಲತಾಣದಲ್ಲಿ ಹುಡುಕುವ ಐಸಿಎಸ್‌ಇಎ ಅಂಕಿ ಅದು. ಸರಾಸರಿ 1000. 1100 ದಾಟಿದ ಶಾಲೆ ಒಳ್ಳೆಯದು, 980 ಇದ್ದರೆ ಬೇಡ ಎಂದು ಇಡೀ ಉಪನಗರಗಳನ್ನೇ ಪಟ್ಟಿಯಿಂದ ಹೊಡೆದುಹಾಕುವವರನ್ನು ನೋಡಿದ್ದೇನೆ. ಆ ಅಂಕಿ ಪಾಠ ಹೇಗೆ ನಡೆಯುತ್ತದೆಂದು ಹೇಳುವುದೇ ಇಲ್ಲ. ಮಕ್ಕಳ ಅಪ್ಪಅಮ್ಮ ಎಷ್ಟು ಓದಿದವರು, ಯಾವ ಕೆಲಸದವರು, ಶಾಲೆ ಎಷ್ಟು ದೂರದ ಊರಿನಲ್ಲಿದೆ, ಮೂಲನಿವಾಸಿ ಮಕ್ಕಳು ಎಷ್ಟಿದ್ದಾರೆ ಎಂಬುದನ್ನು ಹೇಳುತ್ತದೆ. ಇಂಜಿನಿಯರ್ ದಂಪತಿ ಬಂದು ಸೇರಿದರೆ ಅಂಕಿ ಮೇಲೇರುತ್ತದೆ. ಅದನ್ನು ನೋಡಿ ಇನ್ನೊಬ್ಬ ಇಂಜಿನಿಯರ್ ಬರುತ್ತಾನೆ.

ಇನ್ನು ನಿಜವಾದ ಪೇಚಾಟ. ಅಸಿಸ್ಟೆಂಟ್ ಪ್ರಿನ್ಸಿಪಾಲರು ಬಂದು ಕೂರುತ್ತಾರೆ. ಕೈಯಲ್ಲಿ ಕಾಫಿ ಮಗ್ಗು, ಕೊರಳಲ್ಲಿ ಬೀಗದ ಕೈಗೊಂಚಲು. ಮಗಳು ಹುಟ್ಟಿದ್ದು 2016ರ ಆಗಸ್ಟಿನಲ್ಲಿ. 2025ರ ಜೂನಿನಲ್ಲಿ ಅವಳು ಬೆಂಗಳೂರಿನಲ್ಲಿ ನಾಲ್ಕನೇ ಕ್ಲಾಸಿಗೆ ಕಾಲಿಟ್ಟಾಗಿದೆ, ಹೊಸ ಪುಸ್ತಕಗಳಿಗೆ ಬೈಂಡೂ ಹಾಕಿಸಿಯಾಗಿದೆ. ಅವರು ತಮ್ಮ ಪಾಡಿಗೆ ‘ಇಯರ್ ತ್ರೀ’ ಎಂದು ಬರೆಯುತ್ತಾರೆ. ನಿಮ್ಮ ಎದೆ ಧಸಕ್ಕೆನ್ನುತ್ತದೆ. ಒಂದು ವರ್ಷ ಹಿಂದಕ್ಕೆ? ಫೇಲಾದ ಹಾಗಲ್ಲವೇ?

ಅವರು ಕಾಗದದ ಅಂಚಿನಲ್ಲಿ ಲೆಕ್ಕ ಬರೆದು ತೋರಿಸುತ್ತಾರೆ. ವಿಕ್ಟೋರಿಯಾದಲ್ಲಿ ಏಪ್ರಿಲ್ 30ರೊಳಗೆ ಐದು ತುಂಬುವ ಮಗು ಆ ವರ್ಷ ಪ್ರೆಪ್, ಅಂದರೆ ಇಯರ್ ಒನ್‌ಗೆ ಮುಂಚಿನ ತರಗತಿ, ಸೇರಬಹುದು. ನಿಮ್ಮವಳಿಗೆ 2021ರ ಏಪ್ರಿಲ್‌ಗೆ ತುಂಬಿರಲಿಲ್ಲ, ಆದ್ದರಿಂದ 2022ಕ್ಕೆ ಪ್ರೆಪ್, 2025ಕ್ಕೆ ಇಯರ್ ತ್ರೀ. ಇದೇ ನ್ಯೂ ಸೌತ್ ವೇಲ್ಸ್ ಆಗಿದ್ದರೆ ಗಡುವು ಜುಲೈ 31, ಕ್ವೀನ್ಸ್‌ಲ್ಯಾಂಡಿನಲ್ಲಿ ಜೂನ್ 30. ಅಂದರೆ ಜೂನಿನಲ್ಲಿ ಹುಟ್ಟಿದ ಮಗು ಸಿಡ್ನಿಯಲ್ಲಿ ಒಂದು ಕ್ಲಾಸು ಮುಂದೆ, ಮೆಲ್ಬೋರ್ನಿನಲ್ಲಿ ಒಂದು ಕ್ಲಾಸು ಹಿಂದೆ ಇರಬಹುದು. ಇಲ್ಲಿನ ಶಾಲಾವರ್ಷ ಜನವರಿ ಕೊನೆಗೆ ಶುರುವಾಗಿ ಡಿಸೆಂಬರಿನಲ್ಲಿ ಮುಗಿಯುತ್ತದೆ, ನಾಲ್ಕು ಟರ್ಮು. ಈಗ ಮೂರನೆಯದು ಶುರುವಾಗಿದೆ. ಕ್ರಿಸ್‌ಮಸ್ ರಜೆ ಕಳೆದರೆ ಅವಳು ಇಯರ್ ಫೋರ್.

ಸುಮಾರು ಅಪ್ಪಂದಿರು ಇಲ್ಲಿ ವಾದಕ್ಕಿಳಿಯುತ್ತಾರೆ. ಅವಳಿಗೆ ಮಗ್ಗಿ ಇಪ್ಪತ್ತರವರೆಗೆ ಬಾಯಿಪಾಠ, ಭಾಗಾಕಾರ ಬರುತ್ತದೆ, ಗಣಿತದಲ್ಲಿ ಎ ಪ್ಲಸ್. ಅಸಿಸ್ಟೆಂಟ್ ಪ್ರಿನ್ಸಿಪಾಲರು ಸಮಾಧಾನದಿಂದ ಕೇಳಿಸಿಕೊಂಡು ಮಗಳ ಕಡೆ ತಿರುಗಿ, ಮನೆಯಲ್ಲಿ ನಾಯಿ ಇತ್ತೇ, ಏನು ಆಡಲು ಇಷ್ಟ ಎಂದು ವಿಚಾರಿಸುತ್ತಾರೆ. ಮಗಳು ಒಂದೊಂದು ಪದಕ್ಕೂ ಅಮ್ಮನ ಮುಖ ನೋಡುತ್ತಾಳೆ. ಆಂಗ್ಲ ಮಾಧ್ಯಮದಲ್ಲೇ ಓದಿದವಳು, ಎಲ್ಲ ಅರ್ಥವಾಗಬೇಕಿತ್ತು. ಆದರೆ ಆ ಉಚ್ಚಾರಣೆ, ಆ ವೇಗ! ಆ ಒಂದು ನೋಟದಲ್ಲೇ ಕ್ಲಾಸು ತೀರ್ಮಾನವಾಗಬೇಕು ಎನ್ನುವವನು ನಾನು. ಭಾಗಾಕಾರ ಮುಂದಿದ್ದರೆ ಟೀಚರು ಮುಂದಿನದನ್ನು ಕೊಡುತ್ತಾರೆ. ಆದರೆ ತನಗಿಂತ ವರ್ಷಕ್ಕೆ ದೊಡ್ಡವರ ನಡುವೆ ಗೆಳತಿಯಿಲ್ಲದೆ ಕೂತ ಮಗುವಿಗೆ ಕೊಡಲು ಯಾರ ಬಳಿಯೂ ಏನೂ ಇರುವುದಿಲ್ಲ. ಇಂಗ್ಲಿಷ್ ಅಷ್ಟಾಗಿ ಬಾರದ ಹೊಸಬರ ಮಕ್ಕಳಿಗೆ ನೋಬಲ್ ಪಾರ್ಕ್, ಬ್ಲ್ಯಾಕ್‌ಬರ್ನ್‌ಗಳಲ್ಲಿ ಪ್ರತ್ಯೇಕ ಇಂಗ್ಲಿಷ್ ಭಾಷಾ ಶಾಲೆಗಳೇ ಇವೆ. ಅಲ್ಲಿ ಕೆಲವು ತಿಂಗಳು ಕಳೆದು ಊರ ಶಾಲೆಗೆ ಬರುವುದರಲ್ಲಿ ಅವಮಾನ ಏನೂ ಇಲ್ಲ.

ಮೊದಲ ದಿನ. ಎಂಟೂಮುಕ್ಕಾಲಕ್ಕೆ ರಸ್ತೆ ದಾಟಿಸುವ ಅಜ್ಜ ಹಳದಿ ಕೋಟು ತೊಟ್ಟು ಫಲಕ ಎತ್ತಿ ಹಿಡಿದಿದ್ದಾರೆ. ಕ್ಲಾಸಿನಲ್ಲಿ ಮಕ್ಕಳು ಕಾರ್ಪೆಟ್ಟಿನ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಿದ್ದಾರೆ. ಪಠ್ಯಪುಸ್ತಕ ಎಂಬುದಿಲ್ಲ. ಬ್ಯಾಗು ಎಷ್ಟು ಹಗುರವೆಂದರೆ ಎರಡು ಸಲ ಬಿಚ್ಚಿ ನೋಡುತ್ತೀರಿ. ಊಟದ ಡಬ್ಬಿಯಲ್ಲಿ ಚಿತ್ರಾನ್ನ. ಬಾಗಿಲಲ್ಲೇ ಟೀಚರು ಮೆಲ್ಲಗೆ ವಿಚಾರಿಸುತ್ತಾರೆ, ಇದರಲ್ಲಿ ಕಡಲೆಕಾಯಿ ಇದೆಯೇ? ಕ್ಲಾಸಿನಲ್ಲಿ ಒಂದು ಮಗುವಿಗೆ ಕಡಲೆಕಾಯಿ ಅಲರ್ಜಿ, ಮುಟ್ಟಿದರೂ ಉಸಿರು ಕಟ್ಟುವಷ್ಟು. ವಿಕ್ಟೋರಿಯಾದಲ್ಲಿ ಇಂಥ ಮಕ್ಕಳಿಗಾಗಿ ಪ್ರತಿ ಶಾಲೆಯೂ ಲಿಖಿತ ವ್ಯವಸ್ಥೆ ಇಟ್ಟುಕೊಳ್ಳಲೇಬೇಕೆಂದು ನಿಯಮವಿದೆ. ಡಬ್ಬಿ ನಿಮ್ಮ ಕೈಗೆ ವಾಪಸ್ಸು, ಮಗಳಿಗೆ ಆ ದಿನ ಬಾಳೆಹಣ್ಣು, ಬ್ರೆಡ್ಡು. ಸಂಜೆ ಮನೆಯಲ್ಲಿ ಚಟ್ನಿಪುಡಿಯ ಡಬ್ಬವನ್ನೂ ಹೊರತೆಗೆದು ನೋಡುತ್ತೀರಿ, ಅದರಲ್ಲೂ ಕಡಲೆಕಾಯಿ. ಮರುದಿನದಿಂದ ಚಿತ್ರಾನ್ನಕ್ಕೆ ಕಡಲೆಬೇಳೆಯ ಒಗ್ಗರಣೆ ಮಾತ್ರ.

ಮೂರೂವರೆಗೆ ಶಾಲೆ ಬಿಡುತ್ತದೆ. ಇಬ್ಬರೂ ಕೆಲಸಕ್ಕೆ ಹೋಗುವವರಾದರೆ ಆರು ಗಂಟೆಯವರೆಗೆ ಶಾಲೆಯಲ್ಲೇ ನಡೆಯುವ ಕೇರ್‌ಗೆ ಹೆಸರು ಬರೆಸಬೇಕು. ಅಲ್ಲಿ ಜಾಗ ಸಿಗುವುದು ಶಾಲೆಯ ಸೀಟಿಗಿಂತ ಕಷ್ಟ. ಈ ವಿಷಯವನ್ನು ಬಂದವರಿಗೆ ಯಾರೂ ಮೊದಲು ಹೇಳುವುದಿಲ್ಲ.

ವಾರಾಂತ್ಯದ ಕನ್ನಡಿಗರ ಕೂಟದಲ್ಲಿ ಪರಿಚಯದವರೊಬ್ಬರು ಪಕ್ಕಕ್ಕೆ ಕರೆದು ಕೋಚಿಂಗಿನ ಮಾತು ತೆಗೆಯುತ್ತಾರೆ. ಮೆಲ್ಬೋರ್ನ್ ಹೈ, ಮ್ಯಾಕ್‌ರಾಬರ್ಟ್‌ಸನ್, ನೊಸಲ್, ಸುಝಾನ್ ಕೋರಿ ಎಂಬ ನಾಲ್ಕು ಆಯ್ಕೆ ಶಾಲೆಗಳು ಒಂಬತ್ತನೇ ಇಯರಿಗೆ ಪರೀಕ್ಷೆ ನಡೆಸಿ ಸೇರಿಸಿಕೊಳ್ಳುತ್ತವೆ; ಈಗಿಂದಲೇ ಶುರುಮಾಡಿ ಎನ್ನುತ್ತಾರೆ. ಮಗುವಿಗಿನ್ನೂ ಒಂಬತ್ತು ತುಂಬಿಲ್ಲ. ಕೂಟ ನಡೆಯುವ ಸಭಾಂಗಣದ ಇನ್ನೊಂದು ಕೋಣೆಯಲ್ಲಿ ಕನ್ನಡ ಕಲಿಸುವ ತರಗತಿ ನಡೆಯುತ್ತಿದೆ. ಹೈಸ್ಕೂಲು ಕೊನೆಯ ವಿಸಿಇ ಪರೀಕ್ಷೆಯಲ್ಲಿ ಹಿಂದಿ, ಪಂಜಾಬಿ, ತಮಿಳು ವಿಷಯಗಳಾಗಿವೆ, ಕನ್ನಡ ಆಗಿಲ್ಲ. ಅಂಕದ ಆಸೆಯಿಲ್ಲದೆ ಕ, ಖ ತಿದ್ದುವ ಆ ಕೋಣೆಗೆ ಹೆಸರು ಬರೆಸಿ ಬರುವುದು ಮೇಲು.

ಹೈಸ್ಕೂಲು ವಯಸ್ಸಿನ ಮಕ್ಕಳಿದ್ದವರಿಗೆ ಲೆಕ್ಕ ಬೇರೆ. ವಿಸಿಇ ಹನ್ನೊಂದು, ಹನ್ನೆರಡನೇ ಇಯರುಗಳಲ್ಲಿ ಹರಡಿಕೊಂಡಿದೆ. ನಡುವರ್ಷದಲ್ಲಿ ಬಂದ ಹದಿನಾರರ ಹುಡುಗನಿಗೆ ವಿಷಯಗಳನ್ನು ಆರಿಸಿಕೊಳ್ಳುವ ಹೊತ್ತಿಗೆ ಅರ್ಧ ಪಾಠ ಮುಗಿದಿರುತ್ತದೆ. ಹೊಸಬರಿಗೆಂದೇ ಇರುವ ಬೇರೆ ಇಂಗ್ಲಿಷ್ ವಿಷಯ ಏಳು ವರ್ಷಕ್ಕಿಂತ ಹೆಚ್ಚು ಆಂಗ್ಲ ಮಾಧ್ಯಮದಲ್ಲಿ ಓದಿದವರಿಗೆ ಸಿಗುವುದಿಲ್ಲ, ಆದ್ದರಿಂದ ಬೆಂಗಳೂರಿನ ಬಹುಪಾಲು ಮಕ್ಕಳು ಇಲ್ಲೇ ಹುಟ್ಟಿದವರ ಜೊತೆಗೇ ಬರೆಯಬೇಕು. ಹತ್ತನೇ ಕ್ಲಾಸು ಮುಗಿಸಿಯೇ ಹೊರಡೋಣ ಎನ್ನುವ ನಮ್ಮ ರೂಢಿ ಈ ಕಾರಣಕ್ಕೆ ನಷ್ಟದ್ದು. ಒಂಬತ್ತು ಮುಗಿದೊಡನೆ, ಸಾಧ್ಯವಾದರೆ ಜನವರಿಯೊಳಗೆ ಬನ್ನಿ. ನಿಮ್ಮದು ಕಾಯಂ ವೀಸಾ ಅಲ್ಲವಾದರೆ ನೀವು ಬರಲಿರುವ ರಾಜ್ಯದ ಶಿಕ್ಷಣ ಇಲಾಖೆಯ ನಿಯಮವನ್ನು ಟಿಕೆಟ್ ತೆಗೆಯುವ ಮೊದಲೇ ಓದಿಕೊಳ್ಳಿ. ನ್ಯೂ ಸೌತ್ ವೇಲ್ಸ್‌ನಲ್ಲಿ ತಾತ್ಕಾಲಿಕ ವೀಸಾದ ಬಹಳಷ್ಟು ಮಂದಿ ಸರ್ಕಾರಿ ಶಾಲೆಗೂ ಸಾವಿರಗಟ್ಟಲೆ ಡಾಲರ್ ಕಟ್ಟಬೇಕಾಗುತ್ತದೆ.